ರಂಗಭೂಮಿ ಡಿಗ್ರಿಗೆ ಹಾಕಿದ ದುಡ್ಡು ವಾಪಸ್ ಬರುತ್ತಾ?

ಮಗಳು ಪಿಯುಸಿ ಮುಗಿಸಿ ನಾಟಕವನ್ನೇ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಖಾಸಗಿ ಕಾಲೇಜಿನಲ್ಲಿ ಮೂರು ವರ್ಷಕ್ಕೆ ಆರು ಲಕ್ಷ ಕೇಳುತ್ತಿದ್ದಾರೆ, ಸಾಲ ಮಾಡಿ ಸೇರಿಸಲಾ ಅಂತ ಕೇಳಿದ್ದೀರಿ. ನಾಟಕ ಓದಲಿ ಸರ್, ಖಂಡಿತ ಓದಲಿ. ಆದರೆ ಸಾಲ ಮಾಡಿ ಬೇಡ.

ನಾನು ರಂಗಭೂಮಿ ಓದಿ ಹದಿನಾಲ್ಕು ವರ್ಷ ಆಯಿತು. ಇದರಲ್ಲೇ ಬಾಡಿಗೆ ಕಟ್ಟುತ್ತೇನೆ, ಇದರಲ್ಲೇ ಊಟ. ಡಿಗ್ರಿ ಮುಗಿದ ಮೊದಲ ವರ್ಷ ಒಂದು ನೋಟ್‌ಬುಕ್‌ನಲ್ಲಿ ಲೆಕ್ಕ ಬರೆದಿಟ್ಟಿದ್ದೆ, ಇನ್ನೂ ಇದೆ. ವರ್ಷವಿಡೀ ಪಾರ್ಟು ಮಾಡಿದ್ದಕ್ಕೆ ಬಂದದ್ದು 11 ಸಾವಿರ ರೂಪಾಯಿ. ಅದರಲ್ಲಿ ಅರ್ಧ ಆಟೋಗೇ ಹೋಯಿತು, ಶೋ ಮುಗಿಯುವಾಗ ರಾತ್ರಿ ಹತ್ತೂವರೆ ಆಗಿರುತ್ತೆ, ಹೆಣ್ಣುಮಕ್ಕಳು ಬಸ್ಸಿಗೆ ಕಾಯೋಕಾಗುತ್ತಾ? ಅದೇ ವರ್ಷ ಒಂದೇ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ಮಾಡಿಸಿದ್ದಕ್ಕೆ 15 ಸಾವಿರ ಸಿಕ್ಕಿತ್ತು. ಈ ಎರಡು ಸಾಲು ನೋಡಿದ ಮೇಲೆ ನನಗೆ ದಾರಿ ಗೊತ್ತಾಯಿತು.

ನಟನೆ ಬಿಟ್ಟು ಬೇರೇನು ಕಲಿಯುತ್ತಾರೋ ಅದೇ ಅನ್ನ ಹಾಕುತ್ತೆ. ನನ್ನ ಪಾಲಿಗೆ ಅದು ಲೈಟಿಂಗ್. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಎಲ್ಲರನ್ನೂ ಏಣಿ ಹತ್ತಿಸುತ್ತಿದ್ದರು, ಹುಡುಗಿ ಅಂತ ಬಿಡುತ್ತಿರಲಿಲ್ಲ. ಉರಿದು ಕಾದ ಲೈಟನ್ನು ಹಳೆ ಬಟ್ಟೆಯಲ್ಲಿ ಹಿಡಿದು ತಿರುಗಿಸಬೇಕು, ಕೆಳಗೆ ಒಬ್ಬ ನಟ ತನ್ನ ಜಾಗದಲ್ಲಿ ನಿಂತಿರುತ್ತಾನೆ, ಅವನ ಕಣ್ಣಿನ ಕೆಳಗಿನ ನೆರಳು ಹೋಗುವವರೆಗೂ ಇಳಿಯೋ ಹಾಗಿಲ್ಲ. ಲೈಟಿಗೆ ಬಣ್ಣ ಬರೋಕೆ ಮುಂದೆ ಹಾಕುವ ಜಿಲೆಟಿನ್ ಪೇಪರ್ ಕತ್ತರಿಸಿ ಕತ್ತರಿಸಿ ಬೆರಳು ಒರಟಾಗಿತ್ತು. ಇವತ್ತು ನಾಟಕ, ನೃತ್ಯ, ಕಂಪನಿಗಳ ಕಾರ್ಯಕ್ರಮ, ಎಲ್ಲಕ್ಕೂ ಕರೆಯುತ್ತಾರೆ, ದಿನಕ್ಕಿಷ್ಟು ಅಂತ ಮೊದಲೇ ಮಾತಾಡಿಕೊಂಡೇ ಹೋಗುತ್ತೇನೆ. ನನ್ನ ಜೊತೆ ಓದಿದ ಒಬ್ಬಳು ಡಬ್ಬಿಂಗ್ ಮಾಡುತ್ತಾಳೆ. 2020ರ ಲಾಕ್‌ಡೌನ್ ಹೊತ್ತಿಗೆ ಹಿಂದಿ ಧಾರಾವಾಹಿಗಳು ಕನ್ನಡಕ್ಕೆ ಬರೋಕೆ ಶುರುವಾದವಲ್ಲ, ಆಮೇಲೆ ಅವಳಿಗೆ ಕೆಲಸ ಜಾಸ್ತಿಯಾಯಿತು. ಉಚ್ಚಾರ ಸ್ಪಷ್ಟ ಇರೋರು ಬೇಕಲ್ವಾ, ಅದು ನಾಟಕದವರಿಗೆ ಇರುತ್ತೆ.

ಇನ್ನೊಂದು ವಿಷಯ ಹೇಳಲೇಬೇಕು, ಪೇಟೆಯವರಿಗೆ ಇದು ಗೊತ್ತಿರೋದು ಕಡಿಮೆ. ತುಮಕೂರು, ಮಂಡ್ಯ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರದಂಥ ಪೌರಾಣಿಕ ನಾಟಕ ಆಡುತ್ತಾರಲ್ಲ, ಅಲ್ಲಿ ಲೆಕ್ಕವೇ ಉಲ್ಟಾ. ಪಾರ್ಟು ಮಾಡುವವರೇ ದುಡ್ಡು ಹಾಕುತ್ತಾರೆ. ದುರ್ಯೋಧನನ ಪಾರ್ಟಿಗೆ ಜಾಸ್ತಿ, ಸಣ್ಣ ಪಾರ್ಟಿಗೆ ಕಡಿಮೆ. ಆ ದುಡ್ಡು ಹೋಗೋದು ತಿಂಗಳುಗಟ್ಟಲೆ ಹಾರ್ಮೋನಿಯಂ ಹಿಡಿದು ಕೂತು ಪದ ಕಲಿಸುವ ಮೇಷ್ಟ್ರಿಗೆ, ಸೀನರಿಯವರಿಗೆ, ಮೇಕಪ್‌ನವರಿಗೆ. ಕಲಿಸುವವರಿಗೆ ಅಲ್ಲೂ ಬೆಲೆ ಇದೆ.

ಸರ್ಟಿಫಿಕೇಟ್‌ಗೆ ಅಂತ ಬೆಲೆ ಇರೋದು ಕೆಲವೇ ಕಡೆ. ಎಂ.ಎ. ಮಾಡಿ ಯುಜಿಸಿ ನೆಟ್ ಪಾಸಾದರೆ ಅಧ್ಯಾಪಕಿ ಆಗಬಹುದು, ನೆಟ್‌ನಲ್ಲಿ ನಾಟಕಕ್ಕೂ ಪರೀಕ್ಷೆ ಇದೆ. ಆದರೆ ಹುದ್ದೆಗಳು ಕಡಿಮೆ, ಅದನ್ನೇ ನಂಬಿ ಕೂರಬಾರದು. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಕಲಾವಿದರಿಗೆ ಎರಡು ವರ್ಷ ಸ್ಕಾಲರ್‌ಶಿಪ್ ಕೊಡುತ್ತೆ, ನಾಟಕಕ್ಕೂ ಇದೆ. ಅರ್ಜಿ ಹಾಕಿಸಿ. ಉಳಿದ ಕಡೆ ನಿಮ್ಮ ಸರ್ಟಿಫಿಕೇಟ್ ಎಲ್ಲಿ ಅಂತ ನನ್ನನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ, ಹಿಂದಿನ ಕೆಲಸ ಯಾವುದು, ಯಾರ ಜೊತೆ ಮಾಡಿದ್ದೀರಿ ಅಂತಲೇ ಕೇಳುತ್ತಾರೆ.

ಈಗ ಸಾಲದ ಮಾತು. ಆರು ಲಕ್ಷಕ್ಕೆ ಹತ್ತೂವರೆ ಪರ್ಸೆಂಟ್ ಬಡ್ಡಿ, ಏಳು ವರ್ಷ ಅಂತ ಇಟ್ಟುಕೊಂಡರೆ ತಿಂಗಳಿಗೆ ಹತ್ತು ಸಾವಿರದ ಮೇಲೆ ಕಂತು ಬರುತ್ತೆ. ಓದುವಾಗ ಬೆಳೆಯುವ ಬಡ್ಡಿ ಬೇರೆ. ನಮಗೆ ದುಡ್ಡು ಬರೋದು ಸುಗ್ಗಿಯ ಹಾಗೆ. ಡಿಸೆಂಬರ್, ಜನವರಿಯಲ್ಲಿ ವಾರ್ಷಿಕೋತ್ಸವ, ಏಪ್ರಿಲ್, ಮೇನಲ್ಲಿ ಬೇಸಿಗೆ ಶಿಬಿರ. ಮಳೆಗಾಲದಲ್ಲಿ ಕೈ ಖಾಲಿ. ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಖಿಗೇ ಬೇಕು. ನಮ್ಮ ಬ್ಯಾಚಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಭಿನಯ ಮಾಡುತ್ತಿದ್ದ ಹುಡುಗ ಸಾಲ ಮಾಡಿ ಓದಿದ್ದ. ಕಂತು ಕಟ್ಟೋಕೆ ಕಾಲ್ ಸೆಂಟರ್ ಸೇರಿದ, ರಾತ್ರಿ ಪಾಳಿ. ನಮ್ಮ ರಿಹರ್ಸಲ್ ಸಂಜೆ ಆರರ ಮೇಲೆ, ಅವನು ಕ್ಯಾಬ್ ಹತ್ತುವ ಹೊತ್ತು. ಮೂರು ವರ್ಷ ಅವನಿಗೆ ಅಂತ ಪಾರ್ಟು ಇಟ್ಟುಕೊಂಡು ಕಾದೆವು. ನನಗೆ ಈಗಲೂ ಸಂಕಟ ಆಗುತ್ತೆ.

ಅದಕ್ಕೇ ಕಡಿಮೆ ಖರ್ಚಿನ ದಾರಿ ಹಿಡಿಯಿರಿ. ಹತ್ತಿರದ ಕಾಲೇಜಿನಲ್ಲಿ ಬಿ.ಎ. ಅಥವಾ ಬಿ.ಕಾಂ. ಮಾಡಲಿ, ಸಂಜೆ ಹವ್ಯಾಸಿ ತಂಡ ಸೇರಲಿ. ಆಮೇಲೆ ಹೆಗ್ಗೋಡಿನ ನೀನಾಸಂ ನಾಟಕ ಶಾಲೆಗೆ ಪ್ರಯತ್ನ ಮಾಡಲಿ, 1980ರಿಂದ ಕನ್ನಡದಲ್ಲೇ ಕಲಿಸುತ್ತಿದ್ದಾರೆ, ಅಲ್ಲೇ ಇದ್ದು ಕಲಿಯಬೇಕು. ಅಲ್ಲಿ ಕಲಿತ ಎಷ್ಟೋ ಮಂದಿ ನೀನಾಸಂನದೇ ಸಂಚಾರಿ ತಂಡವಾದ ‘ತಿರುಗಾಟ’ದಲ್ಲಿ ಊರೂರು ಸುತ್ತಿ ನಾಟಕ ಆಡಿದ್ದಾರೆ, ಆ ಅನುಭವವನ್ನು ಆರು ಲಕ್ಷ ಕೊಟ್ಟರೂ ಯಾವ ಕ್ಲಾಸ್‌ರೂಮಿನಲ್ಲೂ ಕಲಿಯೋಕಾಗಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಡಿಗ್ರಿ ಆಗಿರಬೇಕು, ಕೆಲವು ನಾಟಕಗಳಲ್ಲಿ ಕೆಲಸ ಮಾಡಿರಬೇಕು. ಸೀಟು ಸಿಗೋದು ಕಷ್ಟ, ಸಿಕ್ಕರೆ ಮೂರು ವರ್ಷ ಸ್ಕಾಲರ್‌ಶಿಪ್ ಅವರೇ ಕೊಡುತ್ತಾರೆ. ಬೆಂಗಳೂರಿನಲ್ಲೂ ಅದರ ಕೇಂದ್ರ ಇದೆ.

ಮಗಳ ಹತ್ತಿರ ಒಂದು ಮಾತು ಕೇಳಿ. ನಿನಗೆ ಪಾರ್ಟು ಸಿಗದ ನಾಟಕದಲ್ಲಿ ಏನು ಮಾಡ್ತೀಯಮ್ಮ ಅಂತ. ಮಕ್ಕಳಿಗೆ ಕಲಿಸ್ತೀನಿ, ಬಟ್ಟೆ ಹೊಲಿತೀನಿ, ಲೈಟ್ ಮಾಡ್ತೀನಿ, ಏನು ಹೇಳಿದರೂ ಧೈರ್ಯವಾಗಿ ಕಳಿಸಿ. ಗೊತ್ತಿಲ್ಲ ಅಂದರೆ ಕಾಲೇಜು ಶುರುವಾಗುವ ಮುಂಚೆ ಯಾವುದಾದರೂ ಬೇಸಿಗೆ ಶಿಬಿರದಲ್ಲಿ ಸಹಾಯಕ್ಕೆ ಸೇರಿಸಿ. ಮೂರ್ನಾಲ್ಕು ವಾರ ಮಕ್ಕಳ ಹಿಂದೆ ಓಡಿ, ಮುಖವಾಡಕ್ಕೆ ಅಂಟು ಹಚ್ಚಿ, ಕೊನೆಯ ದಿನ ಸ್ಟೇಜಿನ ಪಕ್ಕದ ಮರೆಯಲ್ಲಿ, ವಿಂಗ್‌ನಲ್ಲಿ ನಿಂತು ನಾಟಕ ನೋಡಲಿ. ಮನೆಗೆ ಬಂದು ಏನು ಹೇಳುತ್ತಾಳೆ ಅಂತ ಕೇಳಿಕೊಂಡು ಆಮೇಲೆ ಫೀಸು ಕಟ್ಟಿ.