ಹೊಸ ಔಷಧಿ ಸುರಕ್ಷಿತನಾ ಅಂತ ಕೋತಿಗಳ ಮೇಲೆ ಟೆಸ್ಟ್ ಮಾಡುವಾಗ, ಔಷಧಿ ಕೊಡೋಕೆ ಮುಂಚೆನೇ ಅವುಗಳ ರಕ್ತ, ಇಸಿಜಿ ಎಲ್ಲಾ ಯಾಕೆ ಅಳೀತಾರೆ?

ಆಮೇಲೆ ಕಾಣೋ ಬದಲಾವಣೆ ಔಷಧಿಯಿಂದ ಆಗಿದ್ದಾ, ಇಲ್ಲಾ ಆ ಕೋತಿಗೆ ಮೊದಲಿಂದಲೇ ಹಾಗಿತ್ತಾ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೇ.

ಈ ಟೆಸ್ಟ್‌ಗಳಲ್ಲಿ ಹೆಚ್ಚಾಗಿ ಬಳಸೋದು ಉದ್ದಬಾಲದ ಮಕಾಕ್ ಕೋತಿಗಳನ್ನ. ಒಂದೇ ಪ್ರಮಾಣದ ಔಷಧಿ ಕೊಡೋ ಒಂದು ಗುಂಪಲ್ಲಿ ಸಾಮಾನ್ಯವಾಗಿ ಗಂಡು ಮೂರ್ನಾಲ್ಕು, ಹೆಣ್ಣು ಮೂರ್ನಾಲ್ಕು ಅಷ್ಟೇ ಇರ್ತವೆ, ಲ್ಯಾಬ್ ಇಲಿಗಳ ಥರ ಎಲ್ಲಾ ಒಂದೇ ಅಚ್ಚಲ್ಲ, ಮಾರಿಷಸ್‌ನಿಂದ ಬಂದವಕ್ಕೂ ಏಷ್ಯಾದಿಂದ ಬಂದವಕ್ಕೂ ರಕ್ತದ ಲೆಕ್ಕದಲ್ಲೇ ವ್ಯತ್ಯಾಸ ಇರುತ್ತೆ, ಹಾಗಾಗಿ ಬರೀ ಸರಾಸರಿ ನಂಬ್ಕೊಂಡು ಕೂರೋಕಾಗಲ್ಲ, ಪ್ರತಿ ಕೋತಿನ ಅದರದ್ದೇ ಹಳೇ ಲೆಕ್ಕದ ಜೊತೆನೂ ಹೋಲಿಸ್ತಾರೆ. ಎಎಲ್‌ಟಿ ಅಂತ ಒಂದು ಎನ್ಜೈಮ್ ಇದೆ, ಲಿವರ್‌ಗೆ ಪೆಟ್ಟಾದ್ರೆ ರಕ್ತದಲ್ಲಿ ಏರುತ್ತೆ. ಒಂದು ಕೋತಿಗೆ ಅದು 40 ಇದ್ದಿದ್ದು 90 ಆಯ್ತು ಅಂದ್ಕೊಳ್ಳಿ, ಯೋಚಿಸ್ಬೇಕಾದ ವಿಷ್ಯ. ಇನ್ನೊಂದಕ್ಕೆ ಮೊದಲೇ 85 ಇತ್ತು ಅಂದ್ರೆ ಅದೇ 90 ಏನೂ ಅಲ್ಲ.

ನನ್ನ ಪ್ರಕಾರ ನಿಜವಾದ ಕಷ್ಟ ಇರೋದು ಭಯದಲ್ಲಿ. ಹಿಡಿದು ಕೂರಿಸಿದ ತಕ್ಷಣ ಹೃದಯ ಜೋರಾಗಿ ಬಡ್ಕೊಳ್ಳುತ್ತೆ, ಬಿಳಿ ರಕ್ತಕಣ ಏರುತ್ತೆ, ಕೊಸರಾಡಿದ್ರೆ ಸ್ನಾಯುಗಳ ಎನ್ಜೈಮ್ ಕೂಡ. ಹಾಗಾಗಿ ಒಂದೇ ಸಲ ಅಳೆದ್ರೆ ಸಿಗೋದು ಆರೋಗ್ಯದ ಲೆಕ್ಕ ಅಲ್ಲ, ಹೆದರಿಕೆ ಲೆಕ್ಕ. ಅದಕ್ಕೇ ಬೇರೆ ಬೇರೆ ದಿನ ಕನಿಷ್ಠ ಎರಡು ಸಲನಾದ್ರೂ ಅಳೆಯೋದು ಒಳ್ಳೇದು, ಹೃದಯಕ್ಕಾದ್ರೆ ಮೈಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಕೋತಿ ತನ್ನ ಪಾಡಿಗೆ ಓಡಾಡ್ಕೊಂಡಿರುವಾಗ್ಲೇ ರೆಕಾರ್ಡ್ ಮಾಡೋದೂ ಇದೆ. ಹಣ್ಣು ಕೊಟ್ಟು ಕೊಟ್ಟು, ತಾನಾಗೇ ಕೈಯೋ ಕಾಲೋ ಚಾಚೋ ಹಾಗೆ ಪಳಗಿಸಿದ್ರೆ ಆ ಜೀವಕ್ಕೂ ಹಿಂಸೆ ಕಡಿಮೆ, ಬರೋ ನಂಬರ್‌ನೂ ನಂಬಬಹುದು.