ಗೆಳತಿಯ ದೂರಿನ ವಿಚಾರಣೆಗೆ ಕಾಲೇಜಿನವರು ನನ್ನನ್ನು ಸಾಕ್ಷಿಗೆ ಕರೆದಿದ್ದಾರೆ. ಆ ಹುಡುಗನ ಎದುರಿಗೇ ಹೇಳಬೇಕಾ?

ರೂಮ್‌ಮೇಟ್ ತನ್ನ ಸಹಪಾಠಿಯ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದಾಳೆ, ಮುಂದಿನ ವಾರ ವಿಚಾರಣೆ, ಅಷ್ಟರಲ್ಲೇ ಪ್ರಿನ್ಸಿಪಾಲರು ‘ರಾಜಿ ಮಾಡ್ಕೊಳ್ರಿ’ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಪಾಠ ಮಾಡಿದವಳು. ಇಂಥ ದೂರುಗಳನ್ನು ವಿಚಾರಿಸುವ ಕಾಲೇಜಿನ ಆಂತರಿಕ ದೂರು ಸಮಿತಿಯಲ್ಲಿ ಕೆಲವು ವರ್ಷ ಕೂತಿದ್ದೇನೆ.

ಮೊದಲು ಆ ರಾಜಿಯ ಮಾತು. ದೂರು ಕೊಟ್ಟವಳು ತಾನಾಗಿಯೇ ಕೇಳಿದರೆ ಮಾತ್ರ ರಾಜಿ. ದುಡ್ಡಿನ ಆಧಾರದ ಮೇಲಂತೂ ಆಗುವಂತೆಯೇ ಇಲ್ಲ. ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ನಾನು ಸಮಿತಿಗೆ ಸೇರಿದ ಹೊಸದರಲ್ಲಿ ಚಳ್ಳಕೆರೆ ಕಡೆಯ ಹುಡುಗಿಯೊಬ್ಬಳು ದೂರು ಕೊಟ್ಟಳು. ಶೇಂಗಾ ಕೀಳುವ ಕೆಲಸ ಅರ್ಧಕ್ಕೆ ಬಿಟ್ಟು ಅವಳ ಅಪ್ಪ ಮೊದಲ ಬಸ್ಸಿಗೆ ಬಂದರು. ಚೇಂಬರಿನಲ್ಲಿ ಹುಡುಗನ ಕಡೆಯ ಹಿರಿಯರು ಆಗಲೇ ಕೂತಿದ್ದರು. ‘ನಿಮ್ಮ ಮಗಳ ಮದುವಿ ವಿಚಾರ ನೋಡ್ರಿ’ ಅಂದರು. ಒಂದು ಗಂಟೆಯೊಳಗೆ ದೂರು ವಾಪಸ್ ಪತ್ರ ತಯಾರಾಯಿತು. ಅಕ್ಷರ ಅಪ್ಪನದು, ಸಹಿ ಮಾತ್ರ ಅವಳದು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಆ ಸೆಮಿಸ್ಟರ್ ಮುಗಿಯುವ ಮುಂಚೆ ಅವಳು ಟಿಸಿ ತೆಗೆದುಕೊಂಡು ಹೋದಳು. ಅವತ್ತು ಅಲ್ಲಿ ನಡೆದದ್ದು ಊರ ಪಂಚಾಯ್ತಿ. ಸಮಿತಿಯ ಮುಂದೆ ಅವಳ ಮಾತು ಬರಲೇ ಇಲ್ಲ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಾವಳಿಯಲ್ಲಿ ಇದಕ್ಕೆಲ್ಲ ಕ್ರಮ ಇದೆ. ಸಮಿತಿಯ ಅಧ್ಯಕ್ಷೆ ಹಿರಿಯ ಮಹಿಳಾ ಅಧ್ಯಾಪಕಿ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಹೆಂಗಸರು. ಹೊರಗಿನ ಸಂಸ್ಥೆಯಿಂದ ಒಬ್ಬರು ಇರಬೇಕು. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತ ವಿದ್ಯಾರ್ಥಿಗಳು ಮೂವರು ಕೂರಬೇಕು. ಆಡಳಿತದ ಉನ್ನತ ಹುದ್ದೆಯಲ್ಲಿರುವವರು ಸದಸ್ಯರಾಗುವಂತಿಲ್ಲ. ದೂರು ಬಂದ 7 ದಿನದಲ್ಲಿ ಅದರ ಪ್ರತಿ ಹುಡುಗನ ಕೈ ಸೇರಬೇಕು. ಅವನು 10 ದಿನದಲ್ಲಿ ಉತ್ತರ, ದಾಖಲೆ, ಸಾಕ್ಷಿಗಳ ಪಟ್ಟಿ ಕೊಡಬೇಕು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ವಕೀಲರನ್ನು ಕರೆತರಲು ಎರಡೂ ಕಡೆಯವರಿಗೆ ಅವಕಾಶವಿಲ್ಲ.

ಈಗ ನಿಮ್ಮ ಪ್ರಶ್ನೆ. ಎದುರು ಕೂರಲೇಬೇಕು ಅಂತಿಲ್ಲ. ರಾಂಚಿಯ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ಹುಡುಗರು ರಾತ್ರಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ನುಗ್ಗಿದ ಪ್ರಕರಣ 1973ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹುಡುಗಿಯರ ಹೇಳಿಕೆಯನ್ನು ಆರೋಪಿಗಳಿಲ್ಲದಾಗ ಬರೆದುಕೊಂಡದ್ದು ತಪ್ಪಲ್ಲ ಅಂತ ಕೋರ್ಟ್ ಹೇಳಿತು. ನಾವು ಮಾಡುತ್ತಿದ್ದದ್ದು ಹೀಗೆ: ಸಾಕ್ಷಿ ಬೇರೆ ಹೊತ್ತಿಗೆ ಬರುತ್ತಾಳೆ, ಅವಳ ಹೇಳಿಕೆ ಬರೆದುಕೊಳ್ಳುತ್ತೇವೆ. ಹುಡುಗನಿಗೆ ಕೇಳುವುದಿದ್ದರೆ ಪ್ರಶ್ನೆ ಬರೆದು ಕೊಡುತ್ತಾನೆ, ಕೇಳುವವರು ನಾವು. ನಿಮ್ಮ ಕಾಲೇಜಿನ ಸಮಿತಿಗೂ ಒಂದು ಪತ್ರ ಬರೆದು ಹಾಗೇ ಮಾಡಿ ಅಂತ ಕೇಳಿ.

ಆದರೆ ನೀವು ಹೇಳಿದ್ದರ ಸಾರ ಅವನಿಗೆ ಗೊತ್ತಾಗಲೇಬೇಕು, ಇಲ್ಲದಿದ್ದರೆ ಅವನು ಏನಂತ ಉತ್ತರ ಕೊಡಬೇಕು? ಇದು ಅವನ ಮೇಲಿನ ಕರುಣೆಯಿಂದ ಹೇಳುತ್ತಿರುವ ಮಾತಲ್ಲ. ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಸಮಿತಿ ಅವಸರ ಮಾಡಿತು, ಆರೋಪಿ ಅಧ್ಯಾಪಕರಿಗೆ ಸಮರ್ಥಿಸಿಕೊಳ್ಳಲು ಸರಿಯಾದ ಅವಕಾಶ ಕೊಡಲಿಲ್ಲ. ಅವರನ್ನು ಕೆಲಸದಿಂದ ವಜಾ ಮಾಡಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ರದ್ದು ಮಾಡಿ, ವಿಚಾರಣೆಯನ್ನು ಮತ್ತೆ ನಡೆಸಿ ಅಂತ ವಾಪಸ್ ಕಳಿಸಿತು. ಕ್ರಮ ತಪ್ಪಿದರೆ ದೂರು ಕೊಟ್ಟವರೇ ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಬೇಕಾಗುತ್ತದೆ. ನನಗೆ ಆ ಚಿಂತೆಯೇ ದೊಡ್ಡದು.

ಸಾಕ್ಷಿಯಾಗಿ ನಿಮ್ಮ ಕೆಲಸ ಸಣ್ಣದು, ಕಷ್ಟದ್ದು. ಕಣ್ಣಾರೆ ಕಂಡದ್ದನ್ನೂ ಅವಳ ಬಾಯಿಂದ ಕೇಳಿದ್ದನ್ನೂ ಬೇರೆಬೇರೆಯಾಗಿ ಹೇಳಿ. ‘ಅವನು ಮೊದಲಿಂದ ಹಂಗೇ’ ಅನ್ನೋ ಮಾತು ಬೇಡ. ಅವತ್ತು ರೂಮಿಗೆ ಅವಳು ಎಷ್ಟು ಹೊತ್ತಿಗೆ ಬಂದಳು, ಏನು ಹೇಳಿದಳು, ಯಾವ ಮೆಸೇಜ್ ತೋರಿಸಿದಳು, ಇವನ್ನು ಇವತ್ತು ರಾತ್ರಿಯೇ ಬರೆದಿಟ್ಟುಕೊಳ್ಳಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ, ಅದರಿಂದ ಅವಳ ದೂರು ಬಿದ್ದುಹೋಗಲ್ಲ. ದೂರು ಸಾಬೀತಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವಳ ಮೇಲೆ ಸುಳ್ಳು ದೂರಿನ ಕ್ರಮ ಜರುಗಿಸುವಂತಿಲ್ಲ. ನಿಮ್ಮ ಹೆಸರು ಸಮಿತಿಯಿಂದ ಹೊರಗೆ ಹೋಗಬಾರದು. ಸಾಕ್ಷಿ ಹೇಳಿದ್ದಕ್ಕೆ ನಿಮಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಕಾಲೇಜಿನ ಹೊಣೆ. ಯಾರಾದರೂ ಬೆದರಿಸಿದರೆ ಆ ದಿನವೇ ಅಧ್ಯಕ್ಷೆಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಅವಳು ಪೊಲೀಸರ ಹತ್ತಿರವೂ ಹೋಗಬಹುದು, ಕಾಲೇಜಿನ ವಿಚಾರಣೆ ಅದಕ್ಕೆ ಅಡ್ಡಿಯಲ್ಲ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ. ಅವಳಿಗೆ ಹದಿನೆಂಟು ತುಂಬಿಲ್ಲದಿದ್ದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಅನ್ವಯವಾಗುತ್ತದೆ, ಆಗ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ತೀರ್ಪು ಬರುವವರೆಗೆ ಅವಳು ಅವನ ಜೊತೆಗೇ ಕ್ಲಾಸಿನಲ್ಲಿ ಕೂರಬೇಕಾಗಿಲ್ಲ. ಯಾರಾದರೂ ಒಬ್ಬರನ್ನು ಬೇರೆ ಸೆಕ್ಷನ್ನಿಗೆ ಹಾಕಿ, ಅವನಿಗೆ ದೂರ ಇರಲು ಎಚ್ಚರಿಕೆ ಕೊಡಿ ಅಂತ ಅವಳು ಬರೆದು ಕೇಳಬಹುದು. ವಿಚಾರಣೆಯ ದಿನದವರೆಗೆ ಕಾಯದೆ ಆ ಅರ್ಜಿಯನ್ನು ನಾಳೆಯೇ ಕೊಡಲಿ. ಬರೆಯುವಾಗ ಪಕ್ಕದಲ್ಲಿ ಕೂತುಕೊಳ್ಳಿ, ಪೆನ್ನು ಮಾತ್ರ ಅವಳ ಕೈಯಲ್ಲೇ ಇರಲಿ.