ಅಜ್ಜಿಯ ಗುಳ್ಳೆ, ಮೊಮ್ಮಗನ ಗುಳ್ಳೆ

ಡೊಂಬಿವಲಿಯ ಸಹೋದರಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಅತ್ತೆಗೆ ತಿಂಗಳುಗಟ್ಟಲೆ ಬಾಯಿಹುಣ್ಣು. ಹಲ್ಲಿನ ಡಾಕ್ಟರ್ ಕೊಟ್ಟ ಜೆಲ್ಲಾಗಲಿ, ವಿಟಮಿನ್ ಮಾತ್ರೆಯಾಗಲಿ ನಾಟಲಿಲ್ಲ. ಆಮೇಲೆ ಬೆನ್ನು, ಎದೆಯ ಮೇಲೆ ನೀರುಗುಳ್ಳೆ ಎದ್ದು, ಒಡೆದು ಹಸಿಗಾಯವಾಯಿತು. ಅದೇ ಹೊತ್ತಿಗೆ ನಿಮ್ಮ ನಾಲ್ಕು ವರ್ಷದ ಮಗನ ಮೂಗಿನ ಪಕ್ಕ, ಹೊಟ್ಟೆಯ ಮೇಲೂ ಗುಳ್ಳೆ. ಪಕ್ಕದ ಮನೆಯವರು ‘ನಾಗಿಣ’, ಅಂದರೆ ಸರ್ಪಸುತ್ತು, ಅಂದರು. ಬಿಲ್ಡಿಂಗಿಗೆಲ್ಲ ಸುದ್ದಿ ಹಬ್ಬಿತು. ಈಗ ಅತ್ತೆಯ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ. ಚರ್ಮದ ಡಾಕ್ಟರ್ ಅತ್ತೆಗೆ ಪೆಂಫಿಗಸ್ ಎಂಬ ಗುಳ್ಳೆ ಕಾಯಿಲೆ ಇರಬಹುದು, ಬಯಾಪ್ಸಿ (ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ ಎಂದಿದ್ದಾರೆ. ಮಗನದು ಇಂಪೆಟೈಗೊ, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ಚರ್ಮದ ಸೋಂಕು ಎಂದಿದ್ದಾರೆ. ‘ಅಜ್ಜಿಯಿಂದ ಮಗುವಿಗೆ ಅಂಟಿತೇ?’ ಇದು ನಿಮ್ಮ ಪ್ರಶ್ನೆ.

ಇಲ್ಲ. ಪೆಂಫಿಗಸ್ ಯಾರಿಂದ ಯಾರಿಗೂ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ, ಗುಳ್ಳೆಯ ನೀರು ಕೈಗೆ ತಾಗಿದರೂ ಇಲ್ಲ. ದಯವಿಟ್ಟು ಅವರ ತಟ್ಟೆ ಲೋಟವನ್ನು ಇವತ್ತೇ ಎಲ್ಲರದರ ಜೊತೆ ಇಡಿ. ಬಾಯಿ ತುಂಬ ಹುಣ್ಣು ಇಟ್ಟುಕೊಂಡು ಒಬ್ಬರೇ ಮೂಲೆಯಲ್ಲಿ ಕೂತು ಉಣ್ಣುವುದು ಎಂಥ ಸಂಕಟ, ಅಲ್ವಾ?

ಅಂಟುವುದು ಮಗುವಿನದು. ಅದರಿಂದ ಅಜ್ಜಿಗೇ ಅಪಾಯ ಜಾಸ್ತಿ. ಅವರ ಹಸಿಗಾಯಕ್ಕೆ ಮಗುವಿನ ಗುಳ್ಳೆಯ ಬ್ಯಾಕ್ಟೀರಿಯಾ ಸೇರಿದರೆ ಗಾಯ ಕೀವಾಗಬಹುದು. ಅದಕ್ಕೇ ಮಗು ಗುಣವಾಗುವವರೆಗೆ ಅವನ ಟವೆಲ್, ಬಟ್ಟೆ, ದಿಂಬಿನ ಕವರ್ ಬೇರೆ ಇರಲಿ. ಉಗುರು ಕತ್ತರಿಸಿ, ಕೈ ತೊಳೆಸಿ. ನಮ್ಮ ಮುಂಬಯಿ ಮಳೆಗಾಲದಲ್ಲಿ ಗ್ಯಾಲರಿಯ ಹಗ್ಗದ ಮೇಲೆ ಟವೆಲ್ ಎರಡು ದಿನವಾದರೂ ಒಣಗುವುದಿಲ್ಲ. ಆ ತೇವದ ಟವೆಲನ್ನೇ ಮನೆಮಂದಿಯೆಲ್ಲ ಬಳಸುವುದು ಬೇಡ.

ಎರಡೂ ಗುಳ್ಳೆ ಒಂದೇ ಥರ ಕಾಣುವುದಕ್ಕೆ ಕಾರಣ ಇದೆ. ಚರ್ಮದ ಮೇಲ್ಪದರದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಡೆಸ್ಮೋಗ್ಲೀನ್ ಎಂಬ ಪ್ರೋಟೀನ್. ಆ ಹಿಡಿತ ತಪ್ಪಿದರೆ ಕೋಶಗಳು ಬಿಟ್ಟುಕೊಳ್ಳುತ್ತವೆ, ನಡುವೆ ನೀರು ತುಂಬುತ್ತದೆ. ಅದೇ ಗುಳ್ಳೆ. ಪೆಂಫಿಗಸ್‌ನಲ್ಲಿ ಈ ಹಿಡಿತ ತಪ್ಪಿಸುವುದು ನಮ್ಮದೇ ರಕ್ತದ ಆಂಟಿಬಾಡಿ. ರೋಗಾಣುವಿನ ಮೇಲೆ ಹೋಗಬೇಕಾದ್ದು ಸ್ವಂತ ಚರ್ಮದ ಮೇಲೆ ಬೀಳುತ್ತದೆ. ಗುಳ್ಳೆ ಏಳುವ ಇಂಪೆಟೈಗೊದಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಒಂದು ವಿಷ ಬಿಡುತ್ತದೆ. ಆ ವಿಷ ಕತ್ತರಿಸುವುದು ಈ ಪ್ರೋಟೀನಿನ ಒಂದು ಬಗೆಯಾದ ಡೆಸ್ಮೋಗ್ಲೀನ್ 1ನ್ನು. ಇದನ್ನು 2000ದಲ್ಲಿ ಜಪಾನಿನ ಅಮಗಾಯ್, ಅಮೆರಿಕದ ಸ್ಟ್ಯಾನ್ಲಿ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟರು. ಪೆಂಫಿಗಸ್‌ನಲ್ಲೇ ಫೋಲಿಯೇಸಿಯಸ್ ಎಂಬ ಬಗೆಯೊಂದಿದೆ. ಅದರ ಆಂಟಿಬಾಡಿ ಹೋಗಿ ಬೀಳುವುದೂ ಇದೇ ಡೆಸ್ಮೋಗ್ಲೀನ್ 1ರ ಮೇಲೆ!

ಹಾಗಾದರೆ ಮಗುವಿನ ಬಾಯಿಗೆ ಏನೂ ಆಗದೆ ಅಜ್ಜಿಗೆ ಮಾತ್ರ ಬಾಯಿಯಿಂದಲೇ ಶುರುವಾಗಿದ್ದು ಏಕೆ? ಬಾಯೊಳಗೆ ಹಿಡಿತದ ಹೆಚ್ಚಿನ ಕೆಲಸ ಡೆಸ್ಮೋಗ್ಲೀನ್ 3ರದ್ದು. ಬ್ಯಾಕ್ಟೀರಿಯಾದ ವಿಷ ಅದನ್ನು ಮುಟ್ಟುವುದಿಲ್ಲ. ಪೆಂಫಿಗಸ್ ವಲ್ಗ್ಯಾರಿಸ್ ಎಂಬ ಬಗೆಯಲ್ಲಿ ಆಂಟಿಬಾಡಿ ಮೊದಲು ಅದನ್ನೇ ಹಿಡಿಯುತ್ತದೆ. ಈ ರೋಗ ಬಾಯಿಯಿಂದ ಶುರುವಾಗುವವರೇ ಜಾಸ್ತಿ. ಹಲ್ಲಿನ ಡಾಕ್ಟರ್ ಹತ್ತಿರ ತಿಂಗಳುಗಟ್ಟಲೆ ಕಳೆದುಹೋಗುವುದು ಹೀಗೆ. ವಾರಗಳು ಕಳೆದರೂ ಮಾಯದ ಬಾಯಿಹುಣ್ಣನ್ನು ‘ಉಷ್ಣ’ ಎಂದು ಸುಮ್ನೆ ಬಿಡಬೇಡಿ. ಇದನ್ನು ಎಲ್ಲ ಓದುಗರಿಗೂ ಹೇಳುತ್ತಿದ್ದೇನೆ.

ಇನ್ನು ನೆರೆಯವರು ಹೇಳಿದ ಸರ್ಪಸುತ್ತಿನ ಮಾತು. ಅದು ವೈರಸ್ಸಿನದು, ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಪಟ್ಟಿಯಂತೆ ಏಳುತ್ತದೆ, ಉರಿ ನೋವು ಜಾಸ್ತಿ. ಅತ್ತೆಯದು ಹಾಗಿಲ್ಲ. ವಯಸ್ಸಾದವರಲ್ಲಿ ಪೆಂಫಿಗಾಯ್ಡ್ ಎಂಬ ಇನ್ನೊಂದು ಕಾಯಿಲೆಯೂ ಇದೆ. ಅದರ ಗುಳ್ಳೆ ಬಿಗಿಯಾಗಿರುತ್ತದೆ, ಬೇಗ ಒಡೆಯುವುದಿಲ್ಲ, ತುರಿಕೆ ವಿಪರೀತ. 1953ರಲ್ಲಿ ಚರ್ಮರೋಗ ತಜ್ಞ ವಾಲ್ಟರ್ ಲೀವರ್ ಅದನ್ನು ಪೆಂಫಿಗಸ್‌ನಿಂದ ಬೇರೆ ಮಾಡಿ ತೋರಿಸಿದರು.

ಇಷ್ಟೊಂದು ಹೋಲಿಕೆ ಇರುವುದರಿಂದಲೇ ಬಯಾಪ್ಸಿಯನ್ನು ಮುಂದೂಡಬೇಡಿ. ಸಾಮಾನ್ಯವಾಗಿ ಎರಡು ಚಿಕ್ಕ ತುಣುಕು ತೆಗೆಯುತ್ತಾರೆ. ಒಂದು ಹೊಸ ಗುಳ್ಳೆಯದು, ಫಾರ್ಮಲಿನ್‌ನಲ್ಲಿ (ತುಣುಕು ಕೊಳೆಯದಂತೆ ಇಡುವ ದ್ರಾವಣ) ಹಾಕುವಂಥದ್ದು. ಇನ್ನೊಂದು ಗುಳ್ಳೆಯ ಪಕ್ಕದ ಚರ್ಮದ್ದು, ಇಮ್ಯುನೋಫ್ಲೋರಸೆನ್ಸ್ ಪರೀಕ್ಷೆಗೆ. ಆಂಟಿಬಾಡಿ ಎಲ್ಲಿ ಕೂತಿದೆ ಎಂದು ಹೇಳುವುದು ಈ ಎರಡನೆಯದೇ. ಇದನ್ನು ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಡುತ್ತದೆ. ನೀವೇ ಡಬ್ಬಿ ಹಿಡಿದು ಲ್ಯಾಬಿಗೆ ಹೋಗುವುದಾದರೆ ಯಾವ ಡಬ್ಬಿ ಯಾವುದಕ್ಕೆ ಎಂದು ಕೇಳಿಕೊಳ್ಳಿ. ಖರ್ಚಿನ ಚಿಂತೆ ಬರೆದಿದ್ದೀರಿ. ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ, ಅಲ್ಲಿ ವಿಚಾರಿಸಿ.

ಪೆಂಫಿಗಸ್ ಎಂದೇ ಬಂದರೂ ಎದೆಗುಂದಬೇಡಿ. 1950ರ ದಶಕದಲ್ಲಿ ಸ್ಟೀರಾಯ್ಡ್ ಬರುವ ಮೊದಲು ಈ ರೋಗ ಹಿಡಿದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ಡಾ. ಪಸ್ರೀಚಾ ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಔಷಧ ಕೊಡುವ ‘ಪಲ್ಸ್’ ಚಿಕಿತ್ಸೆ ತಂದರು. ಈಗ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಇದೆ. ಚಿಕಿತ್ಸೆ ತಿಂಗಳು, ವರ್ಷಗಳ ಕಾಲ ನಡೆಯಬಹುದು. ಸಕ್ಕರೆ, ಬಿಪಿ ಆಗಾಗ ನೋಡಿಸಬೇಕು. ಗಾಯ ಒಣಗಿತು ಎಂದು ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು. ಬಾಯಿ ಗುಣವಾಗುವವರೆಗೆ ಖಾರ, ಹುಳಿ ಬಿಟ್ಟು ಆರಿದ ಗಂಜಿ, ಮೊಸರನ್ನ ಕೊಡಿ.

ಮಗುವಿಗೆ ಡಾಕ್ಟರ್ ಬರೆದ ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಿ. ಮೆಡಿಕಲ್‌ನವರು ಕೊಡುವ ಮಿಕ್ಸ್ ಕ್ರೀಮ್ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಹೆಚ್ಚಬಹುದು. ಜ್ವರ ಬಂದು, ಮೈ ಕೆಂಪಾಗಿ, ಮುಟ್ಟಿದರೆ ಅಳುತ್ತಾ ಚರ್ಮ ಸುಲಿಯತೊಡಗಿದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಿ. ಬ್ಯಾಕ್ಟೀರಿಯಾದ ಅದೇ ವಿಷ ರಕ್ತಕ್ಕೆ ಸೇರಿ ಮೈಯೆಲ್ಲ ಹರಡಿದಾಗ ಹಾಗಾಗುತ್ತದೆ. ಐದು ವರ್ಷದೊಳಗಿನ ಮಕ್ಕಳ ಮೂತ್ರಪಿಂಡಕ್ಕೆ ಆ ವಿಷವನ್ನು ಬೇಗ ಹೊರಹಾಕುವ ಶಕ್ತಿ ಇರುವುದಿಲ್ಲ.